ಎದೆಪಟ್ಟಿಯ ಆಣೆ

ಘಟ್ಟದ ಸೇತುವೆಯ ವೀಡಿಯೊವನ್ನು ಕಿಣ್ಣಿ ಸುಲ್ತಾನ ಎಂಬ ಊರಲ್ಲಿ ನೋಡದವರೇ ಇರಲಿಲ್ಲ. ಯಾರೋ ಪ್ರವಾಸಿ ಎದುರು ಬೆಟ್ಟದ ಮೇಲೆ ನಿಂತು ತೆಗೆದದ್ದು. ಮಹಾರಾಷ್ಟ್ರದ ಆ ಘಟ್ಟದಲ್ಲಿ ಕಂಬಗಳು ಮೋಡ ದಾಟಿ ಮೇಲೆದ್ದಿದ್ದವು. ಒಂದೊಂದು ಕಂಬದ ತಲೆಯಿಂದಲೂ ರಸ್ತೆ ತಕ್ಕಡಿಯ ದಂಡಿಯಂತೆ ಎಡಕ್ಕೂ ಬಲಕ್ಕೂ ಸಮನಾಗಿ ಬೆಳೆದಿತ್ತು. ನಡುವೆ ಕೂಡಲು ಇನ್ನು ಎರಡು ಮಾರು ಬಾಕಿ. ಕೆಳಗೆ ಹಸಿರು ಕಣಿವೆ, ಅದರಲ್ಲೊಂದು ಜಲಪಾತ. ಊರ ನೀರಿನ ಟಾಕಿಯೇ ದೊಡ್ಡ ಎತ್ತರ ಎಂದುಕೊಂಡಿದ್ದ ಜನ ಬಾಯಿ ಬಿಟ್ಟು ನೋಡಿದರು. ಆ ಅಂಚಿನಲ್ಲಿ ಕೂತು ಕಬ್ಬಿಣದ ಸರಳು ಕಟ್ಟುತ್ತಿರುವವನು ತಮ್ಮ ಸಂತೋಷಕುಮಾರ ಎಂದು ಗೊತ್ತಾದ ಮೇಲಂತೂ ಆ ಸೇತುವೆ ಊರಿನದೇ ಆಯಿತು.

ಅವನ ತಾಯಿ ಸುಭದ್ರಾಬಾಯಿಗೆ ಮೂರು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ, ವೀಡಿಯೊದ ಕೆಳಗೆ ಜನ ಬರೆದದ್ದನ್ನೆಲ್ಲ ಜೋರಾಗಿ ಓದುತ್ತಿದ್ದ ಮಗಳು ಭಾಗ್ಯಜ್ಯೋತಿ ನಡುವೆಯೇ ನಿಂತಳು.

"ಯವ್ವಾ, ಅಣ್ಣನ ಎದಿ ಮ್ಯಾಲಿನ ಪಟ್ಟಾ ಬಿಚ್ಚೇ ಐತಿ ನೋಡು."

ಯಾರೋ ಬಲ್ಲವರು ಬರೆದಿದ್ದರು. ಸುರಕ್ಷೆಯ ಬೆಲ್ಟಿನ ಎದೆಯ ಪಟ್ಟಿ ಬಿಗಿಯದೆ ಬಿದ್ದರೆ ಮನುಷ್ಯ ತಲೆಕೆಳಗಾಗುತ್ತಾನೆ, ಹೆಗಲ ಪಟ್ಟಿಗಳು ಜಾರುತ್ತವೆ; ಹಗ್ಗ ಮೇಲೆ ಉಳಿಯುತ್ತದೆ, ಮನುಷ್ಯ ಉಳಿಯುವುದಿಲ್ಲ.

ಸುಭದ್ರಾಬಾಯಿ ಫೋನಿನ ಹತ್ತಿರ ಬಗ್ಗಿ ಮತ್ತೊಮ್ಮೆ ನೋಡಿದಳು. ಆ ಪಟ್ಟಿ ಬಿಚ್ಚಿಸಿದವಳು ಅವಳೇ. ಹೋದ ಸಲ ಮಗ ಊರಿಗೆ ಬಂದಾಗ, ಕೊರಳಲ್ಲಿ ಇಷ್ಟಲಿಂಗವಿಟ್ಟು ಕಟ್ಟಿಕೊಂಡಿದ್ದ ಬೆಳ್ಳಿಯ ಕರಡಿಗೆ ಒಂದು ಕಡೆ ನೆಗ್ಗಿತ್ತು. ಎತ್ತರದಲ್ಲಿ ಕೆಲಸ ಮಾಡುವವರು ಹಾಕುವ ಬೆಲ್ಟು ಅದರ ಮೇಲೆಯೇ ಬಿಗಿಯುತ್ತದೆ ಎಂದು ಅವನು ನಗುತ್ತ ಹೇಳಿದ್ದ. ಇವಳಿಗೆ ನಗು ಬರಲಿಲ್ಲ. ಮಗನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು, "ಲಿಂಗದ ಮ್ಯಾಲ ಪಟ್ಟಾ ಬಿಗಿಯಂಗಿಲ್ಲ. ನಾ ತಿರುಗಿ ಹೇಳೋತನಕ ನನ್ನ ಆಣಿ ಐತಿ," ಎಂದಿದ್ದಳು. ದೇವರನ್ನು ಕಾಯಲು ಮಗನನ್ನು ಒತ್ತೆ ಇಡುವ ಧೈರ್ಯ ತಾಯಂದಿರಿಗೆ ಎಲ್ಲಿಂದ ಬರುತ್ತದೋ ಕಾಣೆ. ಅವಳ ಮಾವ ಬಾವಿಗೆ ಇಳಿಯುವಾಗಲೆಲ್ಲ ಲಿಂಗವನ್ನು ರಟ್ಟೆಗೆ ಕಟ್ಟಿಕೊಳ್ಳುತ್ತಿದ್ದ. ಅದು ಅವಳಿಗೆ ನೆನಪಾದದ್ದು ಈಗ.

ಮಗನಿಗೆ ಫೋನ್ ಮಾಡಿದರೆ ಬಂದ್ ಇತ್ತು. ಕೆಲಸಕ್ಕೆ ಹತ್ತುವ ಮುಂಚೆ ಎಲ್ಲರ ಫೋನನ್ನೂ ಗೇಟಿನಲ್ಲಿ ಇಸಿದುಕೊಳ್ಳುತ್ತಾರೆ, ಊಟಕ್ಕೆ ಇಳಿದಾಗಲೇ ಕೊಡುವುದು. ಅಲ್ಲಿಯತನಕ ಕಾಯುವ ಶಕ್ತಿ ಅವಳಲ್ಲಿ ಇರಲಿಲ್ಲ. ಆಳಂದ ಬಸ್ ಸ್ಟ್ಯಾಂಡಿನ ಎದುರು ಚಹಾದಂಗಡಿ ಇಟ್ಟಿರುವ ಉಸ್ಮಾನಸಾಬನೇ ಹುಡುಗರನ್ನು ಆ ಕೆಲಸಕ್ಕೆ ಕಳಿಸಿದವನು. ಅವನ ಹತ್ತಿರ ಸೂಪರ್‌ವೈಜರನ ನಂಬರ್ ಇದ್ದೇ ಇರುತ್ತದೆ ಎಂದು ಮಗಳ ಫೋನ್ ಕಸಿದುಕೊಂಡು ಹೊರಟಳು. ಪಕ್ಕದ ಮನೆಯ ಸಾಬವ್ವ ಕೈಯಲ್ಲಿದ್ದ ತೊಗರಿಬೇಳೆಯ ಮೊರ ಕೆಳಗಿಟ್ಟು ಜೊತೆಗೆ ಬಂದಳು. ಸಾಬವ್ವನ ಒಬ್ಬನೇ ಮಗ ದೌಲತರಾಯನೂ ಅಲ್ಲಿಯೇ ದುಡಿಯುತ್ತಿದ್ದ.

"ಏನೂ ಆಗಂಗಿಲ್ಲ ಬೇ. ಇಷ್ಟು ದಿನ ಹಂಗೇ ಮಾಡ್ಯಾನ, ಇವತ್ತೊಂದಿನಕ್ಕ ಏನಾಗ್ತದ?" ಎಂದು ಬಸ್ಸಿನುದ್ದಕ್ಕೂ ಸಾಬವ್ವ ಧೈರ್ಯ ಹೇಳಿದಳು. ಸುಭದ್ರಾಬಾಯಿಗೆ ಅದು ಹಿತವೆನಿಸಲಿಲ್ಲ. ಇವಳ ಮಗ ಪಟ್ಟಿ ಬಿಗಿದುಕೊಂಡು ಆರಾಮಾಗಿರುತ್ತಾನೆ, ಇವಳಿಗೇನು ಎಂದು ಒಳಗೇ ಸಿಟ್ಟು ಬಂತು.

ಉಸ್ಮಾನಸಾಬ ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ ಸೂಪರ್‌ವೈಜರನಿಗೆ ಫೋನ್ ಹಚ್ಚಿದ. ಬ್ಯುಸಿ. ಮತ್ತೆ ಹಚ್ಚಿದ. ಹನ್ನೊಂದೂವರೆಯಿಂದ ಹನ್ನೆರಡೂವರೆಯ ತನಕ ಆ ನಂಬರ್ ಬ್ಯುಸಿಯೇ ಇತ್ತು.

"ಕೆಲಸದ ಗಡಿಬಿಡಿ ಇರ್ತದ್ರೀ," ಎಂದ ಅವನು. ಆದರೆ ಆ ಮಾತನ್ನು ಅವರ ಮುಖ ನೋಡಿ ಹೇಳಲಿಲ್ಲ.

ಸುಭದ್ರಾಬಾಯಿ ಮತ್ತೆ ವೀಡಿಯೊ ಹಚ್ಚಿದಳು. ಮೋಡ, ಜಲಪಾತ, ಅಂಚಿನಲ್ಲಿ ಮಗ, ಗಾಳಿಗೆ ಅಲುಗುವ ಆ ಪಟ್ಟಿ. ನಿನ್ನೆಯ ತನಕ ಊರಿಗೆಲ್ಲ ತೋರಿಸಿ ಬೀಗಿದ ಚೆಲುವನ್ನು ಈಗ ಅಂಗೈಯಿಂದ ಮುಚ್ಚಿದಳು. ಆಣೆ ತಿರುಗಿ ತಗೊಂಡೇನಿ, ತಿರುಗಿ ತಗೊಂಡೇನಿ ಎಂದು ಗೊಣಗುತ್ತಲೇ ಕೂತಳು. ಸಾಬವ್ವ ಕಪ್ಪಿನ ಚಹಾವನ್ನು ಬಸಿಗೆ ಸುರಿದು ಅವಳ ಬಾಯಿಗೆ ಹಿಡಿದಳು.

ಒಂದಕ್ಕೆ ಐದು ನಿಮಿಷವಿರುವಾಗ ಫೋನ್ ಬಡಿಯಿತು. ಸಂತೋಷನೇ.

"ನಾ ಹಾಕಿದ ಆಣಿ ತಿರುಗಿ ತಗೊಂಡೇನಪ್ಪಾ," ಅವಳು ಉಸಿರು ಬಿಡದೆ ಹೇಳಿದಳು. "ಲಿಂಗ ರಟ್ಟಿಗಿ ಕಟ್ಕೋ. ಪಟ್ಟಾ ಬಿಗಿ. ಈಗಿಂದೀಗ ಬಿಗಿ. ಕೇಳ್ತದೇನು?"



"ನಾ ಆರಾಮ ಇದ್ದೇನಿ ಯವ್ವಾ," ಎಂದ ಮಗ. ಸುಭದ್ರಾಬಾಯಿಗೆ ಹೋದ ಜೀವ ಬಂದಂತಾಯಿತು. ಕಣ್ಣು ಒರೆಸಿಕೊಳ್ಳುತ್ತ ಸಾಬವ್ವನ ಕಡೆ ತಿರುಗಿ ತಲೆಯಾಡಿಸಿದಳು. ಸಾಬವ್ವ ತನ್ನ ಮಗನೇ ಸಿಕ್ಕನೇನೋ ಎಂಬಂತೆ ನಕ್ಕಳು.

"ದೌಲತ ಹೋದ ಯವ್ವಾ," ಮಗನ ದನಿ ಒಡೆಯಿತು. "ಹನ್ನೊಂದರ ಸುಮಾರಿಗಿ ಕಾಲು ಜಾರಿತು. ಅವಂದೂ ಕರಡಿಗಿ ನೆಗ್ಗಾಕತ್ತಿತ್ತು. ನಿನ್ನ ಮಾತು ಹೇಳಿ ನಾನೇ ಅವನ ಪಟ್ಟಾ ಬಿಚ್ಚಿಸಿದ್ದೆ. ಸಾಬವ್ವ ಕಾಕೂಗ ಹೆಂಗ ಹೇಳ್ಲಿ? ನೀನೇ ಹೇಳವ್ವಾ."

ಉಸ್ಮಾನಸಾಬನ ಫೋನೂ ಬಡಿಯಿತು. ಅವನು ಅದನ್ನೆತ್ತಿಕೊಂಡು ಅಂಗಡಿಯ ಹಿಂದಕ್ಕೆ ಹೋದ.

ಸಾಬವ್ವ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಚಾಚಿದಳು.

"ಇಲ್ಲಿ ಕೊಡು ಬೇ. ಊಟಕ್ಕ ಕೂಡೇ ಇಳಿದಿರ್ತಾವು ಎರಡೂ. ನಮ್ಮ ದೌಲತಗೂ ಹೇಳ್ತೇನಿ, ಪಟ್ಟಾ ಛಲೋ ಬಿಗೀಲೆ ಅಂತ."

ಸುಭದ್ರಾಬಾಯಿ ಫೋನನ್ನು ಕಿವಿಗೆ ಒತ್ತಿ ಹಿಡಿದೇ ಕೂತಳು. ಆ ಕಡೆ ಮಗ ಅಳುತ್ತಿದ್ದ. ಈ ಕಡೆ ಸಾಬವ್ವನ ಕೈ ಚಾಚಿಕೊಂಡೇ ಇತ್ತು.