ಚಾವಣಿಗೆ ಬೇರು ಬಿಟ್ಟ ಗುಲಾಬಿ

ಹವ್ರಾಮಾನ್ ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲಂತೆ ಮನೆ ಕಟ್ಟಿರುವ ನಮ್ಮೂರಲ್ಲಿ ಒಬ್ಬರ ಚಾವಣಿಯೇ ಇನ್ನೊಬ್ಬರ ಅಂಗಳ. ಕೆಳಮನೆಯ ಹಮಾಶರೀಫ್ ದೊಡ್ಡಪ್ಪನವರ ತಲೆಯ ಮೇಲೆಯೇ ನಾನು ಒಲೆ ಹಚ್ಚುವುದು, ಕೋಳಿ ಸಾಕುವುದು. ಆಲಿಕಲ್ಲು ಮಳೆ ನಿಂತ ಬೆಳಿಗ್ಗೆ ಅವರು ಚಾವಣಿ ನೋಡಲು ನನ್ನ ಅಂಗಳಕ್ಕೆ ಬಂದರು.

"ಗಲಾವೇಜ್, ಸಂಜೆ ನಮ್ಮ ಮಗಳು ಚಿನೂರ್ ಕೂಸು ಎತ್ಕೊಂಡು ತವರಿಗೆ ಬರ್ತಾಳೆ. ಕೋಣೇಲಿ ಒಂದು ಹನಿ ಬೀಳಬಾರ್ದು."

"ನಿಮ್ಮ ಮೊಮ್ಮಗ ಬರ್ತಾನೆ ಅಂತ ನನ್ನ ಕೋಳಿ ಓಡಿಸ್ಬೇಡಿ ಮತ್ತೆ!"

ಕೆಳಗೆ ಪಿರೋಜ್ ದೊಡ್ಡಮ್ಮ ಚಾವಣಿ ಒದ್ದೆಯಾದ ಕಡೆಯೆಲ್ಲ ಒಳಗಿನಿಂದ ಕೋಲಿನಲ್ಲಿ ಮೂರು ಸಲ ಕುಟ್ಟುತ್ತಿದ್ದರು. ಸದ್ದು ಬಂದಲ್ಲಿ ದೊಡ್ಡಪ್ಪ ಹಿಮ್ಮಡಿಯಿಂದ ಒತ್ತಿ ನೋಡಿ, ಹುಲ್ಲು ಬೆರೆಸಿದ ಮಣ್ಣು ಮೆತ್ತಿ, ನೀರು ಇಳಿಯದಂತೆ ಉಪ್ಪು ಎರಚುತ್ತಿದ್ದರು. ಠಕ್ ಠಕ್ ಠಕ್. ಈ ಸಲ ಸರಿಯಾಗಿ ಗುಲಾಬಿಯ ಬುಡದಲ್ಲಿ.

"ಅಲ್ಲೇನೂ ಇಲ್ಲ. ಅವಳ ಕೈಗೆ ಕೋಲು ಸಿಕ್ರೆ ಸಾಕು," ಎಂದು ದೊಡ್ಡಪ್ಪ ದಾಟಿ ಹೋದರು.

ಆ ಗುಲಾಬಿ ನನ್ನ ಗಂಡ ಶಾಹೋ ನೆಟ್ಟದ್ದು. ಕುಂಡದಲ್ಲಲ್ಲ, ನೇರವಾಗಿ ಅಂಗಳದ ಮಣ್ಣಿಗೆ! ಕೆಳಮನೆಯವರ ಚಾವಣಿಯಲ್ಲಿ ಗಿಡ ನೆಡುವ ಬುದ್ಧಿ ನಮ್ಮೂರವರಿಗಲ್ಲದೆ ಯಾರಿಗೆ ಬಂದೀತು? ಅದೇ ವರ್ಷ ಅವನು ಜ್ವರ ಬಂದು ತೀರಿಕೊಂಡ.

ಕೆಳಗಿಂದ ಮತ್ತೆ ಕುಟ್ಟಿದರು. ನನಗೆ ತಡೆಯಲಾಗಲಿಲ್ಲ, ಇಳಿದು ಹೋದೆ.

ತೊಟ್ಟಿಲು ಸಿಂಗರಿಸಿಕೊಂಡು ನಿಂತಿತ್ತು. ಅದರ ಪಕ್ಕದಲ್ಲೇ ಒಂದು ತಾಮ್ರದ ಬೋಗುಣಿ. ತಲೆಯೆತ್ತಿದೆ. ತೊಲೆಗಳ ನಡುವೆ ಬೇರಿನ ಎಳೆಗಳು, ತುದಿಯಲ್ಲಿ ನೀರು. ಬೋಗುಣಿ ಎತ್ತಿದರೆ ನೆಲದಲ್ಲಿ ದುಂಡಗಿನ ಹಳೇ ಕಲೆ.

"ಎಷ್ಟು ವರ್ಷದಿಂದ ದೊಡ್ಡಮ್ಮ?"

"ಐದು ಚಳಿಗಾಲ ಆಯ್ತು ಕಣೇ. ನಿಂಗೆ ಹೇಳಬಾರ್ದು ಅಂತ ನಿಮ್ಮ ದೊಡ್ಡಪ್ಪ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು. ನಾನು ಬಾಯಿ ಬಿಡಲಿಲ್ಲ, ಕುಟ್ಟಿದೆ ಅಷ್ಟೆ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮೇಲೆ ಹೋಗಿ ಗುದ್ದಲಿ ತೆಗೆದೆ. ದೊಡ್ಡಪ್ಪ ಗಿಡಕ್ಕೆ ಅಡ್ಡ ನಿಂತರು.

"ಬೇಡ ಮಗಳೇ. ತೊಟ್ಟಿಲು ಆಚೆ ಇಟ್ರಾಯ್ತು."

"ಆಚೆ ಒಲೆ ಹೊಗೆ. ಶಾಹೋ ಇದ್ದಿದ್ರೆ ನೀವೇ ಅವನಿಗೆ ಬೈದು ಕೀಳಿಸ್ತಿರಲಿಲ್ವಾ?"

"ಅವನಿದ್ದಿದ್ರೆ ಕೀಳಿಸ್ತಿದ್ದೆ," ಎಂದರು ದೊಡ್ಡಪ್ಪ. ಆಮೇಲೆ ಪಕ್ಕಕ್ಕೆ ಸರಿದರು.

ಬೇರು ಹರಿಯದಂತೆ ಇಬ್ಬರೂ ಕೈಯಿಂದಲೇ ಮಣ್ಣು ಬಿಡಿಸಿದೆವು. ಎಲ್ಲಿ ನೆಡುವುದು? "ನಿಮ್ಮ ಅಂಗಳದಲ್ಲಿ," ಎಂದೆ.

"ಅದು ನಮ್ಮ ಕೆಳಮನೆ ಲತೀಫನ ಚಾವಣಿ ಕಣೇ! ಅವನಿಗೆ ಬೋಗುಣಿ ಯಾರು ಕೊಡ್ತಾರೆ?"

ಅಷ್ಟರಲ್ಲಿ ದೊಡ್ಡಮ್ಮ ಅದೇ ಬೋಗುಣಿಯನ್ನು ಹೊತ್ತು ಮೆಟ್ಟಿಲು ಹತ್ತಿ ಬಂದರು. "ತಗೊಳ್ಳಿ. ನನಗೆ ಇನ್ನಿದು ಬೇಡ."

ತಳಕ್ಕೆ ತೂತು ಹೊಡೆದು, ಗಿಡ ನೆಟ್ಟು, ಅಂಗಳದ ಅಂಚಿನ ಬಂಡೆಯ ಮೇಲಿಟ್ಟೆವು. ಗುಂಡಿ ಮುಚ್ಚಿ, ಮಣ್ಣು ಗಟ್ಟಿಯಾಗಲೆಂದು ಉರುಳುಗಲ್ಲನ್ನು ಇಬ್ಬರೂ ಸೇರಿ ಅದರ ಮೇಲೆ ನಾಲ್ಕು ಸಲ ಎಳೆದೆವು. ಅವರು ಏದುಸಿರು ಬಿಡುತ್ತಲೇ ನನ್ನನ್ನು ಸೋಮಾರಿ ಎಂದರು.

ಸಂಜೆ ಚಿನೂರ್ ಬಂದಳು, ಹಿಂದೆಯೇ ಮಳೆಯೂ ಬಂತು. ನಾನು ನೆನೆಯುತ್ತಾ ಅಂಗಳದಲ್ಲಿ ಮಂಡಿಯೂರಿ ನೆಲಕ್ಕೆ ಕಿವಿಯಿಟ್ಟೆ. ಕೋಲಿನ ಸದ್ದಿಲ್ಲ. ಕೆಳಗೆ ಕೂಸು ಅಳುತ್ತಿತ್ತು, ದೊಡ್ಡಪ್ಪ ಅಪಸ್ವರದಲ್ಲಿ ಜೋಗುಳ ಹಾಡುತ್ತಿದ್ದರು.