ಯಾರೂ ತೆರೆಯದ ಕಡತಗಳು

“ಹದಿನೇಳನೇ ಪುಟ ನೋಡಮ್ಮ, ಮೇಲಿಂದ ಆರನೇ ಸಾಲು,” ಎಂದು ಮಾತಿನ ಮೇಷ್ಟ್ರು ಕಾಗದದ ಕಂತೆಯನ್ನು ಅವಳ ಕೀಬೋರ್ಡಿನ ಮೇಲೇ ಹರಡಿದರು. ಗಂಟಲಿನ ಆಪರೇಷನ್ ಆದವರಿಗೆ ಮತ್ತೆ ಮಾತು ಕಲಿಸುವುದು ಅವರ ಕೆಲಸ. ಹಾಗಾಗಿ ಆಸ್ಪತ್ರೆಗೆಲ್ಲ ಅವರು ಮಾತಿನ ಮೇಷ್ಟ್ರು. “ಮೂರು ವರ್ಷದಿಂದ ಯಾರೂ ತೆರೆದಿಲ್ಲ ಅಂತ ಇದೆ. ಮೊನ್ನೆ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ನಾನೇ ತೆರೆದಿದ್ದೀನಿ. ನಾನು ಲೆಕ್ಕಕ್ಕಿಲ್ಲವಾ?”

ಸರ್ವರಕ್ಕ ನಕ್ಕಳು. ಆಸ್ಪತ್ರೆಯ ಕಡತಗಳೆಲ್ಲ ತುಂಬಿಕೊಂಡಿದ್ದ ಸರ್ವರನ್ನು ಒಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದವಳಿಗೆ ಆ ಹೆಸರೇ ಅಂಟಿಕೊಂಡಿತ್ತು. ಹೊಸದಾಗಿ ಬಂದ ಡಾಕ್ಟರೊಬ್ಬರು ಹೆಸರು ಕೇಳಿ, ಕ್ಯಾಂಟೀನಿನವಳೆಂದುಕೊಂಡು, ಎರಡು ಕಾಫಿ ತರಲು ಹೇಳಿದ್ದೂ ಉಂಟು.

“ಮೇಷ್ಟ್ರೇ, ಇದನ್ನ ನಾನು ಕೂತು ಬರೆಯಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಆರಕ್ಕೆ ಯಂತ್ರವೇ ಎಣಿಸಿ, ಪಟ್ಟಿ ಮಾಡಿ, ಎಲ್ಲರಿಗೂ ಮೇಲ್ ಕಳಿಸುತ್ತೆ. ಅದಕ್ಕೇನು ನಿಮ್ಮ ಮೇಲೆ ಹಗೆಯಾ?”

“ಹಗೆ ಇದೆಯೋ ಇಲ್ಲವೋ, ಒಂದು ಗಂಟೆಗೆ ಇದನ್ನೆಲ್ಲ ಅಳಿಸಿ ಹಾಕ್ತೀಯಂತಲ್ಲ.”

ಅದು ನಿಜ. ಶನಿವಾರದಿಂದ ಎಕ್ಸ್-ರೇ ಚಿತ್ರಗಳನ್ನು ಇಡಲು ಸರ್ವರಿನಲ್ಲಿ ಜಾಗವಿರಲಿಲ್ಲ. ಹೊಸ ಡಿಸ್ಕುಗಳು ಬರಲು ಇನ್ನೂ ಮೂರು ವಾರ. ಮೂರು ವರ್ಷ ಮೀರಿ ಯಾರೂ ಮುಟ್ಟದ ಕಡತಗಳನ್ನು ತಿಂಗಳ ಮೊದಲ ಸೋಮವಾರ ಅಳಿಸಿಬಿಡಬೇಕೆಂದು ದೊಡ್ಡ ಡಾಕ್ಟರು ಆರ್ಡರ್ ಮಾಡಿದ್ದರು. ಹೋದ ತಿಂಗಳು ಮೊದಲ ಕಂತು ಅಳಿಸಿಯೂ ಆಗಿತ್ತು. ಸೋಮವಾರದ ಆ ವರದಿಯ ಮೇಲೆ ಅವಳಿಗೆ ಒಳಗೊಳಗೇ ಹೆಮ್ಮೆ. ಯಾರು ಎಷ್ಟು ಜಾಗ ಹಿಡಿದಿದ್ದಾರೆ, ಒಂದೇ ಕಡತ ಎಲ್ಲೆಲ್ಲಿ ಎರಡೆರಡು ಇದೆ, ಯಾವುದನ್ನು ಯಾರೂ ತೆರೆದಿಲ್ಲ ಎಂದು ಮೂರು ಪಟ್ಟಿ. ಸ್ಟೋರಿನವರು ‘ಸಲೈನ್ ಬಾಟಲಿ’ ಎಂಬ ಹೆಸರಿನಡಿ ಬಚ್ಚಿಟ್ಟಿದ್ದ ಹನ್ನೊಂದು ಸಿನಿಮಾಗಳು ಹೊರಬಿದ್ದದ್ದು ಆ ವರದಿಯಿಂದಲೇ. ಅವಳ ಕೆಲಸ ಕಾಯಂ ಮಾಡುವ ಗುಲಾಬಿ ಫೈಲು ದೊಡ್ಡ ಡಾಕ್ಟರ ಮೇಜಿನ ಮೇಲೆ ಸಹಿಗೆ ಕಾದಿದ್ದೂ ಬಹುಶಃ ಅದರ ಪುಣ್ಯದಿಂದಲೇ. ಅತ್ತೆ ಆಗಲೇ ಪಕ್ಕದ ಮನೆಯವರಿಗೆ ಹೇಳಿ ಮುಗಿಸಿದ್ದರು.

“ಎಲ್ಲಿ, ಆ ಆರನೇ ಸಾಲಿನದನ್ನ ಇಲ್ಲೇ ತೆಗಿ ನೋಡೋಣ,” ಎಂದರು ಮೇಷ್ಟ್ರು.

ಅವಳು ತೆಗೆದಳು. ಒಬ್ಬ ಗಂಡಸಿನ ದನಿ. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲ ತನಕ ಕೇಳಿಸುವಂಥ ಗಟ್ಟಿ ದನಿ. ಒಂದರಿಂದ ಇಪ್ಪತ್ತರ ತನಕ ಎಣಿಸಿ, “ಸಾಕಾ ಮೇಷ್ಟ್ರೇ, ಇನ್ನೂ ಬೇಕಾ?” ಎಂದು ನಕ್ಕಿತು.

“ಡ್ರೈವರು. ಆಪರೇಷನ್ನಿಗೆ ಮುಂಚೆ ರೆಕಾರ್ಡ್ ಮಾಡಿಟ್ಟಿದ್ದು. ಈಗ ಗಂಟಲಲ್ಲಿ ತೂತು ಮಾತ್ರ. ಬಂದಾಗಲೆಲ್ಲ ಮೊದಲು ಇದನ್ನ ಕೇಳಿಸ್ಕೊಂಡೇ ಪಾಠಕ್ಕೆ ಕೂರೋದು.”

ಅವಳು ಆ ಕಡತದ ವಿವರ ತೆಗೆದು ನೋಡಿದಳು. ಕೊನೆಯ ಸಲ ತೆರೆದ ದಿನ: ನಾಲ್ಕು ವರ್ಷದ ಹಿಂದಿನದು. ಈಗಷ್ಟೇ, ಇಬ್ಬರ ಕಣ್ಣೆದುರಿಗೆ ತೆರೆದದ್ದು. ಮುಚ್ಚಿ ಇನ್ನೊಂದು ಸಲ ತೆರೆದಳು. ಡ್ರೈವರು ಮತ್ತೆ ಎಣಿಸತೊಡಗಿದ. ತಾರೀಕು ಅಲ್ಲಾಡಲಿಲ್ಲ.

ಅವಳು ಮೌಸಿನಿಂದ ಕೈ ತೆಗೆದಳು.

ನಾಲ್ಕು ವರ್ಷದ ಹಿಂದೆ ಸರ್ವರ್ ಆಮೆಯಾಗಿದೆ ಎಂದು ಎಲ್ಲರೂ ತಲೆ ತಿಂದಿದ್ದರು. ಯಾರೇ ಕಡತ ತೆರೆದರೂ ಯಂತ್ರ ಆ ದಿನವನ್ನು ಗುರುತು ಹಾಕಿಕೊಳ್ಳುತ್ತದೆ. ಆ ಬರವಣಿಗೆ ನಿಲ್ಲಿಸಿದರೆ ಅಷ್ಟು ಭಾರ ಕಡಿಮೆ ಎಂದು ಅವಳೇ ಅದನ್ನು ಆಫ್ ಮಾಡಿದ್ದಳು. ಹೋದ ವರ್ಷ ವರದಿ ಹೊಂದಿಸುವಾಗ ಅದು ನೆನಪಿನಲ್ಲೇ ಇರಲಿಲ್ಲ. ಗುರುತೇ ಹಾಕದ ಯಂತ್ರವನ್ನು ಹಿಡಿದು ಯಾರು ಬಂದರು, ಯಾರು ಬರಲಿಲ್ಲ ಎಂದು ಸೋಮವಾರದಿಂದ ಸೋಮವಾರಕ್ಕೆ ಕೇಳುತ್ತಾ ಬಂದಿದ್ದಳು.

“ಯಾಕಮ್ಮ, ಮುಖ ಹೀಗಾಯ್ತು?”

“ಏನಿಲ್ಲ ಮೇಷ್ಟ್ರೇ. ನಿಮ್ಮದನ್ನ ಪಟ್ಟಿಯಿಂದ ತೆಗೀತೀನಿ.”

“ಅಷ್ಟು ಮಾಡು ತಾಯಿ. ನನ್ನದು ಉಳಿದ್ರೆ ಸಾಕು.” ಅವರು ಕಾಗದಗಳನ್ನು ಅಲ್ಲೇ ಬಿಟ್ಟು ಹೊರಟರು.

ಗೋಡೆಯ ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಅವಳು ಹೋದ ತಿಂಗಳ ಪಟ್ಟಿ ತೆಗೆದಳು. ನಾಲ್ಕು ಸಾವಿರ ಚಿಲ್ಲರೆ ಕಡತ. ಅರ್ಧಕ್ಕರ್ಧ ಕಿವಿ ವಿಭಾಗದ್ದು. ಮಕ್ಕಳ ಶ್ರವಣ ಪರೀಕ್ಷೆಯ ಚಾರ್ಟುಗಳು.

ಹದಿನೈದು ದಿನದ ಹಿಂದೆ ಆ ವಿಭಾಗದ ನರ್ಸಮ್ಮ ಬಾಗಿಲಲ್ಲಿ ನಿಂತಿದ್ದರು. ಕಂಪ್ಯೂಟರ್ ಎಂದರೆ ಬಿಸಿ ಪಾತ್ರೆಯ ಹಾಗೆ ಮುಟ್ಟುವ ಹೆಂಗಸು. “ಮಗಳೇ, ಹಳೇ ಚಾರ್ಟು ಕಾಣ್ತಾನೇ ಇಲ್ಲ.” ಇವಳು ತಲೆಯೆತ್ತದೆ ಹೇಳಿದ್ದಳು: “ನೀವೇ ಎಲ್ಲೋ ಎಳೆದು ಹಾಕಿರ್ತೀರ ನರ್ಸಮ್ಮ, ಸರಿಯಾಗಿ ಹುಡುಕಿ. ಯಂತ್ರ ಯಾಕೆ ನುಂಗುತ್ತೆ?” ನರ್ಸಮ್ಮ ವಾದಿಸಲಿಲ್ಲ. “ಹೌದೇನೋ. ನನ್ನ ಕೈ ಸರಿಯಿಲ್ಲ,” ಎಂದು ಸೆರಗಿಗೆ ಬೆರಳೊರೆಸಿಕೊಳ್ಳುತ್ತಾ ಹೋಗಿದ್ದರು. ಅಂದಿನಿಂದ ಆಕೆ ಚಾರ್ಟುಗಳನ್ನು ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಕೈಯಲ್ಲೇ ಗೆರೆ ಎಳೆಯುತ್ತಿದ್ದಾರೆಂದು ಯಾರೋ ನಗುತ್ತಾ ಹೇಳಿದ್ದರು. ಇವಳೂ ನಕ್ಕಿದ್ದಳು.

ಸರ್ವರಿನಲ್ಲಿ ಇದ್ದದ್ದರ ನಕಲು ದಿನವೂ ಟೇಪಿಗೆ ಹೋಗುತ್ತಿತ್ತು. ಮೂವತ್ತು ದಿನ ಕಳೆದ ಟೇಪಿನ ಮೇಲೆ ಯಂತ್ರ ಹೊಸದು ಬರೆಯುತ್ತದೆ. ಅಳಿಸಿ ಇಂದಿಗೆ ಇಪ್ಪತ್ತೆಂಟು ದಿನ. ಇನ್ನೆರಡು ದಿನ ಸುಮ್ಮನಿದ್ದರೆ ಏನಿತ್ತು, ಏನು ಹೋಯಿತು ಎಂಬ ಕುರುಹೂ ಉಳಿಯುವುದಿಲ್ಲ. ಮೇಷ್ಟ್ರ ಸಾಲೊಂದನ್ನು ತೆಗೆದು, ಒಂದು ಗಂಟೆಗೆ ಗುಂಡಿ ಒತ್ತಿ, ವರದಿಯನ್ನು ಸದ್ದಿಲ್ಲದೆ ಸರಿ ಮಾಡಿಬಿಟ್ಟರೆ? ಎರಡು ಲೋಟ ನೀರು ಕುಡಿದಳು. ಕೂತಳು, ಎದ್ದಳು. ನಾಲಿಗೆ ತನ್ನಷ್ಟಕ್ಕೆ ‘ದೇವರೇ, ದೇವರೇ’ ಎನ್ನುತ್ತಿತ್ತು. ಮುಂದೆ ಏನು ಬೇಡಬೇಕೆಂದು ಅದಕ್ಕೂ ತಿಳಿಯಲಿಲ್ಲ.

ಹನ್ನೆರಡಾಗಲು ಐದು ನಿಮಿಷವಿದ್ದಾಗ ಅವಳು ದೊಡ್ಡ ಡಾಕ್ಟರ ಮುಂದೆ ನಿಂತಿದ್ದಳು.

“ಸಾರ್, ಒಂದು ಗಂಟೆಯ ಕೆಲಸ ನಿಲ್ಲಿಸಬೇಕು.”

“ಎಕ್ಸ್-ರೇ ಎಲ್ಲಿಡಲಿ? ನಿಮ್ಮ ತಲೆ ಮೇಲಾ?”

ಅವಳು ಹೇಳಿದಳು. ಅವರು ಪೆನ್ನಿನ ಮುಚ್ಚಳ ಹಾಕಿ ಕೇಳುತ್ತಾ ಕೂತರು.

“ಅಂದ್ರೆ ವರ್ಷದಿಂದ ನಾನು ಓದ್ತಿದ್ದ ವರದಿ ಸುಳ್ಳು.”

“ಮೂರನೇ ಪಟ್ಟಿ ಸುಳ್ಳು ಸಾರ್. ಎರಡೆರಡು ಇರುವ ಕಡತಗಳ ಪಟ್ಟಿ ಸರಿಯಾಗಿದೆ, ಅದನ್ನ ನಾನೇ ಒಂದೊಂದಾಗಿ ನೋಡಿ ತೆಗೀತೀನಿ. ಒಂದು ವಾರದ ಎಕ್ಸ್-ರೇಗೆ ಜಾಗ ಆಗುತ್ತೆ.”

“ಇದು ಇನ್ಯಾರಿಗೆ ಗೊತ್ತು?”

“ಯಾರಿಗೂ ಗೊತ್ತಿಲ್ಲ.”

“ಬುಧವಾರದ ತನಕ ನೀವು ಬಾಯಿ ಬಿಡದೆ ಇದ್ದಿದ್ರೆ?”

“ಆಗಲೂ ಯಾರಿಗೂ ಗೊತ್ತಾಗ್ತಿರಲಿಲ್ಲ.”

ಅವರು ಬಲಗಡೆಯ ಕಟ್ಟಿನಲ್ಲಿ ಎಲ್ಲಕ್ಕಿಂತ ಮೇಲಿದ್ದ ಗುಲಾಬಿ ಫೈಲನ್ನು ತೆಗೆದು, ಬಿಚ್ಚದೆ, ಎಡಗಡೆಯ ಕಟ್ಟಿನ ಅಡಿಗೆ ಸೇರಿಸಿದರು. ಅದರ ಮೇಲೆ ತನ್ನ ಹೆಸರಿದ್ದದ್ದು ಅವಳಿಗೆ ತಲೆಕೆಳಗಾಗಿ ಕಂಡಿತು.

“ಮೊದಲು ಟೇಪಿಂದ ಎಲ್ಲ ವಾಪಸ್ ತನ್ನಿ. ಆಮೇಲೆ ಎಲ್ಲ ವಿಭಾಗಕ್ಕೂ ಬರೆದು ತಿಳಿಸಿ, ನಿಮ್ಮ ಹೆಸರಲ್ಲೇ. ನಿಮ್ಮ ವಿಷಯ ಆಮೇಲೆ ನೋಡೋಣ.”

“ಸರಿ ಸಾರ್.”

ಟೇಪು ಸುತ್ತತೊಡಗಿದಾಗ ಹನ್ನೆರಡೂವರೆ. ಮೊದಲ ನೂರು ಚಾರ್ಟು ತೆರೆದುಕೊಳ್ಳುವುದನ್ನು ಕಣ್ಣಾರೆ ನೋಡಿದ ಮೇಲೆ ಅವಳು ಮೇಲ್ ಬರೆಯಲು ಕೂತಳು. ಒಂದು ಸಾಲು ಬರೆದು ಅಲ್ಲಿಗೇ ಬಿಟ್ಟು ಎದ್ದಳು. ಒಬ್ಬರಿಗೆ ಬಾಯಲ್ಲೇ ಹೇಳಬೇಕಿತ್ತು.

ಕಿವಿ ವಿಭಾಗದ ಗಾಜಿನ ಕೋಣೆಯಲ್ಲಿ ಪರೀಕ್ಷೆ ನಡೆಯುತ್ತಿತ್ತು. ನಾಲ್ಕು ವರ್ಷದ ಹುಡುಗಿ, ಕೆನ್ನೆಯನ್ನೂ ನುಂಗುವಷ್ಟು ದೊಡ್ಡ ಹೆಡ್‌ಫೋನು, ಮುಂದೆ ಬಣ್ಣದ ಮಣಿಗಳು ಮತ್ತು ಒಂದು ಡಬ್ಬಿ. ಶಬ್ದ ಕೇಳಿದಾಗಲೆಲ್ಲ ಒಂದು ಮಣಿ ಹಾಕಬೇಕು. ಎದುರಿಗೆ ಕೂತ ನರ್ಸಮ್ಮನ ತೊಡೆಯ ಮೇಲೆ ನೋಟ್‌ಬುಕ್ಕು, ಸ್ಕೇಲು. ಇವಳನ್ನು ಕಂಡು ಆಕೆ, ಸ್ವಲ್ಪ ತಾಳು ಎಂದು ಒಂದು ಬೆರಳೆತ್ತಿದರು.

ಅವಳು ಗಾಜಿನ ಈಚೆ ನಿಂತಳು. ಇಲ್ಲಿಗೆ ಏನೂ ಕೇಳಿಸುತ್ತಿರಲಿಲ್ಲ. ಮಗು ಕೆಂಪು ಮಣಿಯೊಂದನ್ನು ಎತ್ತಿ ಕೆನ್ನೆಯ ಬಳಿ ಹಿಡಿದು, ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಬಹಳ ಹೊತ್ತು ಕಾಯಿತು. ಆಮೇಲೆ ಮಣಿಯನ್ನು ಡಬ್ಬಿಗೆ ಹಾಕಿ, ಇನ್ನೊಂದನ್ನು ಎತ್ತಿಕೊಂಡಿತು.