ಗಿಡದ ಮೇಲೆ ಉಳಿಯುವ ಹೂವು

ಎಣ್ಣೆ ಡಬ್ಬಿಯ ಒಂದು ಮಗ್ಗುಲಿಗೆ ಕೆಮ್ಮಣ್ಣು ಬಳಿದು, ವಿಜಯಶ್ರೀ ಅದನ್ನು ಮೆಲ್ಲಗೆ ತಿರುಗಿಸಿದಳು. ಮಣ್ಣಿಗೆ ಗೋಂದು ಕಲಸಿದ್ದರಿಂದ ತಗಡಿಗೆ ಹಿಡಿಯುತ್ತಿತ್ತು. ಬಳಿಯಲು ಗಂಡನ ಹಳೆಯ ಧೋತರದ ತುಂಡಿತ್ತು. ಬಿಸಿಲೇರುವ ಮೊದಲು ಇದಿಷ್ಟು ಮುಗಿದರೆ ಅಂಗಳದ ಕೆಲಸ ಮುಗಿದಂತೆ.

ಸಂಜೆಗೆ ಹುಮನಾಬಾದಿನಿಂದ ನಾದಿನಿ ಅನುರಾಧಾ ಮನೆಯವರೊಂದಿಗೆ ಬರುವವಳಿದ್ದಳು. ಮಾವಿನ ಕಾಲಕ್ಕೆ ಮಗಳನ್ನು ಶೀಕರಣಿ ಊಟಕ್ಕೆ ಕರೆಯುವುದು ಬಸವಕಲ್ಯಾಣದ ಈ ಮನೆಯಲ್ಲಿ ತಪ್ಪಿದ್ದಿಲ್ಲ. ಒಳಗೆ ಸೆಕೆ, ಈ ಸಲ ಅಂಗಳದಲ್ಲೇ ಊಟ ಮಾಡೋಣ ಎಂದು ವಿಜಯಶ್ರೀ ಹೇಳಿದಾಗ ಗಂಡ ಶಂಕರಲಿಂಗ, "ಮಾಡು, ಆದ್ರ ಖರ್ಚಿಗಿ ಹಚ್ಚಬ್ಯಾಡ" ಎಂದಿದ್ದ. ಅವಳು ಹಚ್ಚಿರಲಿಲ್ಲ. ಗಿಡ ನೆಟ್ಟ ಡಬ್ಬಿಗಳು ಅವನ ಕಿರಾಣಿ ಅಂಗಡಿಯವು. ಬೇವಿನ ಟೊಂಗೆಯಿಂದ ಗೋಡೆಯ ಮೊಳೆಗೆ ಕಟ್ಟಿದ ನೆರಳು ಅವಳದೇ ಹಳೆಯ ಸೀರೆ. ಮನೆ ಕಟ್ಟಿದಾಗ ಉಳಿದ ಪರಸಿ ಕಲ್ಲಿನ ತುಂಡುಗಳು ಬಾಗಿಲಿನಿಂದ ಬೇವಿನವರೆಗೆ ದಾರಿಯಾಗಿದ್ದವು. ಸೀಳು ಬಿಟ್ಟ ಮಣ್ಣಿನ ಹರವಿಯನ್ನು ಓರೆಯಾಗಿ ಹೂತು, ಬಾಯಲ್ಲಿ ದೊಡ್ಡಪತ್ರೆ ನೆಟ್ಟಿದ್ದಳು. ಅಕ್ಕಿ ತೊಳೆದ ನೀರು, ಪಾತ್ರೆ ಗಲಬರಿಸಿದ ನೀರು ಎಲ್ಲ ಗಿಡಗಳಿಗೇ ಹೋಗುತ್ತಿತ್ತು.

ಇವೆಲ್ಲದರ ನಡುವೆ ಅವಳಿಗೆ ಬೇಕಿದ್ದುದು ಒಂದೇ. ತಾನು ಬೆಳೆಸಿದ ಹೂವು ಸಂಜೆಯವರೆಗೆ ಗಿಡದ ಮೇಲೇ ಇರುವುದನ್ನು ಒಂದು ದಿನವಾದರೂ ನೋಡಬೇಕು.

ಬಾಗಿಲಲ್ಲಿ ಅತ್ತೆ ಸಂಗಮ್ಮ ಕಾಣಿಸಿಕೊಂಡರು. ಸ್ನಾನವಾಗಿತ್ತು. ಕೈಯಲ್ಲಿ ಹೂಬುಟ್ಟಿ.

"ಅತ್ತಿ, ಇವತ್ತೊಂದಿನ ದಾಸವಾಳ ಬಿಡ್ರಿ. ಅನು ಬಂದು ನೋಡ್ಲಿ."

"ಸಂಜಿತನಾ ಅದು ಮುದುಡಿ ಮುದ್ದಿ ಆಗತದ. ಲಿಂಗದ ಮ್ಯಾಲಾದ್ರ ಏರಲಿ" ಎನ್ನುತ್ತಲೇ ಸಂಗಮ್ಮ ಚಿವುಟಿದರು. "ಗಿಡಕ್ಕ ಯಾಕ ಬೇಕು ಹೂವು? ಅದೇನು ಲಗ್ನಕ್ಕ ಹೊಂಟದೇನು?"

ಗೋಡೆಯಾಚೆಯಿಂದ ನಗು ಕೇಳಿಸಿತು. ಪಕ್ಕದ ಮನೆಯ ಶೇವಂತಾಬಾಯಿ. ನಗುವಿನ ಹಿಂದೆಯೇ ಬಳೆಯ ಕೈ ಬಂದು ನಂದಿಬಟ್ಟಲಿನ ಟೊಂಗೆ ಬಗ್ಗಿಸಿತು. "ಭವಾನಿ ಫೋಟೋಕ್ಕ ತಗೊಂಡೆ ನೋಡವಾ ವಿಜಯಾ."

"ತಗೋರಿ" ಎಂದಳು ವಿಜಯಶ್ರೀ.

ಪೂಜೆಗೆ ಕೇಳಿದ ಹೂವಿಗೆ ಇಲ್ಲ ಎಂಬ ಮಾತು ಆ ಓಣಿಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವಳೂ ಹೀಗೆಯೇ ಇನ್ನೊಬ್ಬರ ಗೋಡೆಯಾಚೆ ಕೈ ಚಾಚಿದವಳು. ಅವಳು ಡಬ್ಬಿಯ ಇನ್ನೊಂದು ಮಗ್ಗುಲು ಬಳಿದಳು. ದುಂಡುಮಲ್ಲಿಗೆಯ ಮೇಲೆ ಮೊಗ್ಗುಗಳು ತುಂಬಿದ್ದವು. ಅವು ಬಿರಿಯುವುದೇ ಕತ್ತಲಾಗುವ ಹೊತ್ತಿಗೆ. ಅವುಗಳ ಮೇಲೆ ಭರವಸೆ ಇಟ್ಟಳು.

ಮಧ್ಯಾಹ್ನ ಮಾವಿನ ಹಣ್ಣು ಹಿಂಡಿ ಕೈ ತೊಳೆಯಲು ಹೊರಗೆ ಬಂದಾಗ, ಸಂಗಮ್ಮ ಕಟ್ಟೆಯ ಮೇಲೆ ಕುಳಿತು ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದರು. ಮಾಲೆ ಆಗಲೇ ಮೊಳದುದ್ದ ಆಗಿತ್ತು.

"ಅನುಗ ಮುಡಿಯಾಕ ಬೇಕಲ್ಲ. ನಿನಗೂ ಒಂದು ತುಂಡು ಇಟ್ಟೀನಿ."

ವಿಜಯಶ್ರೀ ಗಿಡದ ಕಡೆಗೊಮ್ಮೆ ನೋಡಿದಳು. ಎಲೆಗಳು ಚೆನ್ನಾಗಿ ಹಸಿರಾಗಿದ್ದವು.

ಅಂಗಡಿಯಿಂದ ಬೇಗ ಬಂದ ಶಂಕರಲಿಂಗನಿಗೆ ಅವಳ ಮುಖ ಕಂಡಿತೋ, ಬೋಳು ಗಿಡ ಕಂಡಿತೋ, ಒಳಗೆ ಕಾಲಿಡದೆ ಹಾಗೇ ತಿರುಗಿ ಹೋದ. ಬರುವಾಗ ದೀಪಾವಳಿಗೆ ತರಿಸಿ ಅಂಗಡಿಯಲ್ಲಿ ಉಳಿದಿದ್ದ ಪ್ಲಾಸ್ಟಿಕ್ ಹೂವಿನ ಸರಗಳನ್ನು ತಂದ. ಬೆವರು ಒರೆಸಿಕೊಳ್ಳುತ್ತ ತಾನೇ ದಾಸವಾಳದ ಟೊಂಗೆಗಳಿಗೆ ಸುತ್ತಿದ.

"ಇವು ಯಾರೂ ಹರಿಯಂಗಿಲ್ಲ. ನೀರೂ ಬ್ಯಾಡ. ಹ್ಯಾಂಗದ?"

"ಛಲೋ ಅದರಿ."

ಅವನು ತೃಪ್ತಿಯಿಂದ ಕೈ ಕೊಡವಿದ. ದಾಸವಾಳಕ್ಕೆ ನೀಲಿ ಗುಲಾಬಿ ಬಿಟ್ಟಂತಾಗಿತ್ತು.

ಅನುರಾಧಾ ಬಂದವಳೇ ಅಂಗಳದಲ್ಲಿ ಸುತ್ತು ಹಾಕಿದಳು. "ವೈನಿ, ಡಬ್ಬಿ ಅಂದ್ರ ಯಾರೂ ನಂಬಂಗಿಲ್ಲ! ಆದ್ರ ಇದ್ಯಾವ ಗಿಡ, ನೀಲಿ ಹೂವಿಂದು?"

"ನಿಮ್ಮಣ್ಣನ ತಳಿ" ಎಂದಳು ವಿಜಯಶ್ರೀ. ಎಲ್ಲರಿಗಿಂತ ಜೋರಾಗಿ ನಕ್ಕವನು ಶಂಕರಲಿಂಗ.

"ಖರೇ ಹೂವು ಒಳಗವ, ಬಾ" ಎಂದು ಸಂಗಮ್ಮ ಮಗಳನ್ನು ದೇವರ ಜಗಲಿಗೆ ಕರೆದೊಯ್ದರು. ಅಲ್ಲಿ ಮುಂಜಾನೆಯ ಹೂವುಗಳು ಬಾಡಿ ವಿಭೂತಿಗೆ ಅಂಟಿಕೊಂಡಿದ್ದವು.

ಸೀರೆಯ ನೆರಳಿನ ಕೆಳಗೆ ಊಟಕ್ಕೆ ಕುಳಿತರು. ಗಾಳಿ ತುಸು ತಂಪಾಗಿತ್ತು. ಅನುರಾಧಾ ತಮ್ಮ ಹಿತ್ತಿಲಿನ ಮಾತು ತೆಗೆದಳು.

"ನಮ್ಮ ಕಂಪೌಂಡಿನ ಕಾಗದದ ಹೂವಿನ ಗಿಡದ್ದು ದೊಡ್ಡ ತಲಿಬ್ಯಾನಿ, ವೈನಿ. ನೀರು ಹಾಕಂಗಿಲ್ಲ, ಗೊಬ್ಬರ ಇಲ್ಲ, ಬ್ಯಾಸಗ್ಯಾಗ ಮತ್ತಷ್ಟು ಬಿಡತದ. ಗೋಡಿ ತುಂಬ ಕೆಂಪಗ. ಏನು ಮಾಡೂದು ಅದನ್ನ?"

"ಬೇಕಾರ ಗಿಡ" ಎಂದರು ಸಂಗಮ್ಮ. "ಪೂಜಿಗಿ ಬರಂಗಿಲ್ಲ, ಮುಡಿಯಾಕ ಬರಂಗಿಲ್ಲ. ಅದನ್ನ ಯಾರು ಮುಟ್ತಾರ?"

"ಹೌದವ್ವ. ಮಳಿ ಬಿದ್ದ ಮ್ಯಾಲ ಕಡಿಸಿ ಒಗಸ್ತೀನಿ."

ಶೀಕರಣಿ ಬಡಿಸುತ್ತಿದ್ದ ವಿಜಯಶ್ರೀಯ ಸೌಟು ತಟ್ಟೆಯ ಮೇಲೆಯೇ ನಿಂತಿತು. ಶಂಕರಲಿಂಗ "ಸಾಕು, ಸಾಕು" ಎಂದಾಗಲೇ ಅವಳು ಮುಂದಿನ ತಟ್ಟೆಗೆ ಸರಿದಳು.

"ಅನು, ಈ ಸಲ ಮಳಿಗಿಂತ ಮೊದ್ಲು ನಾನೇ ನಿಮ್ಮ ಕಡಿ ಬರ್ತೀನಿ."

"ಬರ್ರಿ ವೈನಿ! ಎಷ್ಟು ಸಲ ಕರದೀನಿ. ಯಾಕ, ಏನರ ಕೆಲಸ ಅದ?"

"ಹಂಗೇ."

ಮರುದಿನ ಅಂಗಳ ಗುಡಿಸಿ, ಪ್ಲಾಸ್ಟಿಕ್ ಸರಗಳನ್ನು ಬಿಚ್ಚಿ ಮಡಿಸಿಟ್ಟು, ಅವಳು ಉಳಿದಿದ್ದ ಖಾಲಿ ಡಬ್ಬಿಯನ್ನು ಬೋರಲು ಹಾಕಿದಳು. ಮೊಳೆಯಿಟ್ಟು ತಳಕ್ಕೆ ತೂತು ಹೊಡೆಯತೊಡಗಿದಳು. ಸಂಗಮ್ಮ ಹೂಬುಟ್ಟಿ ಹಿಡಿದು ಬಂದರು.

"ಇದರಾಗೇನು ಹಚ್ಚಾಕಿ? ಸೇವಂತಿ ಹಚ್ಚು, ಪೂಜಿಗಿ ಆಗತಾವ."

"ನೋಡೂಣ್ರಿ ಅತ್ತಿ."

ಹುಮನಾಬಾದಿನಿಂದ ತರುವ ಟೊಂಗೆಗೆಂದು ಅವಳು ಡಬ್ಬಿಗೆ ಮಣ್ಣು ತುಂಬಿದಳು. ಬಾಗಿಲಲ್ಲಿ ಕೂತರೆ ನೇರ ಕಣ್ಣಿಗೆ ಬೀಳುವ, ದಿನವಿಡೀ ಬಿಸಿಲಿರುವ ಮೂಲೆ ಹುಡುಕಿ ಅಲ್ಲಿಗೆ ಎಳೆದಿಟ್ಟಳು. ಅದು ಶೇವಂತಾಬಾಯಿಯ ಕೈಗೆ ಸುಲಭವಾಗಿ ಎಟುಕುವ ಜಾಗವೇ ಆಗಿತ್ತು. ವಿಜಯಶ್ರೀ ಅದನ್ನು ಆಚೆ ಸರಿಸಲಿಲ್ಲ.